ತಾಟು ಬಡಿಯದೆ ತಿಂದ ತುತ್ತು

ನಮ್ಮ ಓಣಿಯಲ್ಲಿ ಯಾರ ಹುಟ್ಟುಹಬ್ಬವೇ ಇರಲಿ, ಅವರು ಸೂರ್ಯ ಹುಟ್ಟುವ ಮೊದಲೇ ಹಲ್ಲುಜ್ಜಿ ಮುಗಿಸಬೇಕು. ಅದು ಕಾನೂನಲ್ಲ, ಮರ್ಯಾದೆ. ತಡವಾಗಿ ಎದ್ದು ಬೇವಿನಕಡ್ಡಿ ಕಚ್ಚಿದರೆ ಆ ಕಹಿ ಓಣಿಯ ಎಲ್ಲರ ಬಾಯಿಗೂ ಬರುತ್ತದೆ. ಹುಟ್ಟುಹಬ್ಬದವರು ಅಂದು ಬೆಳಗಿನಿಂದ ಹೊತ್ತು ಮುಳುಗುವವರೆಗೆ ಏನು ತಿಂದರೂ ಅದರ ರುಚಿ ಓಣಿಗೆಲ್ಲ ಸಿಗುತ್ತದೆ. ಮಲಗಿದವರಿಗೂ ಸಿಗುತ್ತದೆ, ಜಗಳವಾಡುತ್ತಿದ್ದವರಿಗೂ ಸಿಗುತ್ತದೆ, ಕಟ್ಟೆಯ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುವವರಿಗೂ ಸಿಗುತ್ತದೆ. ಹೊಟ್ಟೆ ಮಾತ್ರ ತುಂಬುವುದಿಲ್ಲ. ಅದನ್ನು ಅವರವರೇ ನೋಡಿಕೊಳ್ಳಬೇಕು.

ಈ ಓಣಿಗೆ ಸೊಸೆಯಾಗಿ ಬಂದವರಿಗೆ ಮೊದಲ ವರ್ಷ ಸ್ವಲ್ಪ ಕಷ್ಟವಾಗುತ್ತದೆ. ಬಚ್ಚಲು ತಿಕ್ಕುತ್ತಿರುವಾಗ ಬಾಯಲ್ಲಿ ಇದ್ದಕ್ಕಿದ್ದಂತೆ ಶಾವಿಗೆ ಪಾಯಸ ಬಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆಮೇಲೆ ರೂಢಿಯಾಗುತ್ತದೆ. ಬಾನುಬಿಯ ಮಗನ ಹುಟ್ಟುಹಬ್ಬಕ್ಕೆ ಬಿರಿಯಾನಿ ಆಗುವ ದಿನ ಮಾಂಸ ತಿನ್ನದವರು ಒಂದು ಲವಂಗ ಕಚ್ಚಿಕೊಂಡು ಕೂರುತ್ತಾರೆ. ಕೆಲವರ ಲವಂಗ ಬಹಳ ಬೇಗ ಕರಗಿಹೋಗುತ್ತದೆ, ಆ ಮಾತು ಬೇರೆ. ಒಂದು ಸಲ ಗಚ್ಚಿನಮನಿ ಮಾಸ್ತರು ಹುಟ್ಟುಹಬ್ಬದ ದಿನವೇ ಜ್ವರ ಬಂದು ಕಷಾಯ ಕುಡಿದರು. ಓಣಿಯವರೆಲ್ಲ ಬೆಲ್ಲದ ಚೂರು ಹಿಡಿದುಕೊಂಡು ಅವರ ಮನೆಯ ಮುಂದೆ ನಿಂತು ಬೈದು ಬಂದರು. ಅದಕ್ಕೇ ಹುಟ್ಟುಹಬ್ಬದವರು ಊಟಕ್ಕೆ ಕೂರುವ ಮೊದಲು ತಾಟನ್ನು ಮೂರು ಸಲ ಬಡಿಯುವ ಪದ್ಧತಿ. ಸದ್ದು ಕೇಳಿದ ಕೂಡಲೇ ಎಲ್ಲರೂ ಕೈಯಲ್ಲಿದ್ದ ತುತ್ತು ಕೆಳಗಿಟ್ಟು, ಬಾಯಿ ಮುಕ್ಕಳಿಸಿ, ಸುಮ್ಮನೆ ಕೂರುತ್ತಾರೆ. ಅಷ್ಟು ಶಾಂತಿ ನಮ್ಮ ಓಣಿಯಲ್ಲಿ ಸಾವಿನ ಮನೆಯಲ್ಲೂ ಇರುವುದಿಲ್ಲ.

ಹೀಗಾಗಿ ಹುಟ್ಟುಹಬ್ಬದ ಅಡಿಗೆ ಅಂದರೆ ಓಣಿಗೇ ಎಡೆ ಬಡಿಸಿದ ಹಾಗೆ. ಬಟ್ಟೆ ಅಂಗಡಿಯ ಚನ್ನಮಲ್ಲಪ್ಪ ಶೆಟ್ಟರು ಪ್ರತಿ ವರ್ಷ ದೊಡ್ಡ ಪೇಟೆಯಿಂದ ಪೇಢೆ ತರಿಸಿ ತಿನ್ನುತ್ತಿದ್ದರು. ಬಡವರಾದ ನಾವೂ ಆ ಒಂದು ದಿನ ಕೈ ಬಿಗಿ ಹಿಡಿಯುವುದಿಲ್ಲ. ತಿನ್ನುವ ಬಾಯಿ ಒಂದೇ ತಾನೆ! ನನ್ನ ಮಗಳು ಕಸ್ತೂರಿಯ ಹುಟ್ಟುಹಬ್ಬಕ್ಕೆ ನಾನು ಅವಳಿಗೆ ಹಲ್ಲು ಬಂದಾಗಿನಿಂದಲೂ ಹೋಳಿಗೆಯನ್ನೇ ಮಾಡಿದ್ದೇನೆ. ಆದರೆ ನನ್ನ ಹೋಳಿಗೆಗೆ ಈ ಓಣಿಯಲ್ಲಿ ಒಳ್ಳೆಯ ಹೆಸರಿಲ್ಲ.

ಇದನ್ನು ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ತವರಿನಲ್ಲಿ ನನ್ನ ಕೈರುಚಿಯನ್ನು ಹೊಗಳದವರಿರಲಿಲ್ಲ. ಇಲ್ಲಿ ಮಾತ್ರ ಕಸ್ತೂರಿ ಹೋಳಿಗೆ ಮುರಿದು ಬಾಯಿಗಿಟ್ಟ ಕೂಡಲೇ ಓಣಿಯ ತುಂಬ ಒಂದು ಸಪ್ಪೆ ರುಚಿ ಹರಡುತ್ತಿತ್ತು. ಒದ್ದೆ ಹಿಟ್ಟು ಅಗಿದ ಹಾಗೆ. ನನ್ನ ಬಾಯಿಗೂ ಹಾಗೇ ಬರುತ್ತಿತ್ತು, ಸುಳ್ಳು ಹೇಳಲಾರೆ. ಎದುರುಮನೆಯ ನೀಲಗಂಗವ್ವ ಪ್ರತಿ ವರ್ಷ ಬಾಗಿಲಲ್ಲಿ ನಿಂತು, ಪಾಪ ಅನ್ನುವ ಮುಖ ಮಾಡಿ, "ಅಂಬಕ್ಕಾ, ಈ ಸಲನೂ ಬೆಲ್ಲ ಕಮ್ಮಿ ಆತೇನ?" ಎಂದು ಕೇಳುತ್ತಿದ್ದಳು. ಬೆಲ್ಲ ಹೆಚ್ಚು ಮಾಡಿದೆ. ಬೇರೆ ಅಂಗಡಿಯ ಬೆಲ್ಲ ತಂದೆ. ಏಲಕ್ಕಿ ಹಾಕಿದೆ, ಜಾಜಿಕಾಯಿ ತೇಯ್ದು ಹಾಕಿದೆ. ಏನು ಮಾಡಿದರೂ ಅಷ್ಟೇ. ಹುಟ್ಟುಹಬ್ಬದವರ ಅಡಿಗೆಯನ್ನು ಹೊತ್ತು ಮುಳುಗುವ ತನಕ ಬೇರೆಯವರು ಮುಟ್ಟಬಾರದೆಂಬ ಪದ್ಧತಿ ಇರುವುದರಿಂದ ನಾನು ರಾತ್ರಿಯೇ ತಿನ್ನುತ್ತಿದ್ದೆ. ಆಗ ಮಾತ್ರ ಅದೇ ಹೋಳಿಗೆ ಬಹಳ ಚೆನ್ನಾಗಿರುತ್ತಿತ್ತು. ಹೋಳಿಗೆ ಆರಿದ ಮೇಲೆಯೇ ರುಚಿ ಕಟ್ಟುವುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗಾದರೆ ಹಿಂದಿನ ದಿನವೇ ಮಾಡಿಟ್ಟರೆ ಹೇಗೆ ಎಂದು ಅದನ್ನೂ ಮಾಡಿ ನೋಡಿದೆ. ಮರುದಿನ ನೀಲಗಂಗವ್ವ, "ಯಾಕ ಅಂಬಕ್ಕಾ, ತಂಗಳ ಹೋಳಿಗಿ ತಿನಿಸಿದಿ?" ಅಂದಳು.

ಕಸ್ತೂರಿಗೆ ಈಗ ಮೂವತ್ತು ದಾಟಿ ನಾಲ್ಕು ವರ್ಷವಾಯಿತು. ಅವಳಿಗೆ ಯಾಕೆ ಮದುವೆಯಾಗಿಲ್ಲ ಎಂದು ನೀವೂ ಕೇಳಬೇಡಿ, ಆ ಕೆಲಸಕ್ಕೆ ಓಣಿಯಲ್ಲಿ ಜನ ಸಾಕಷ್ಟಿದ್ದಾರೆ. ಚಾದರ ನೇಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅದು ಬೇಸಿಗೆಯಲ್ಲಿ ಮುಚ್ಚಿತು. ಈಗ ಇಸ್ತ್ರಿ ಅಂಗಡಿಗೆ ಹೋಗುತ್ತಾಳೆ. ನಾನು ಕೌದಿ ಹೊಲಿಯುತ್ತೇನೆ, ಹಳೆ ಸೀರೆ ಕೊಟ್ಟು ಹೊಲಿಸಿಕೊಳ್ಳುವವರು ಮೊದಲಿನಷ್ಟು ಇಲ್ಲ. ಅವಳ ಅಪ್ಪ ಹೋಗಿ ಬಹಳ ವರ್ಷವಾಯಿತು. ಇಬ್ಬರ ಹೊಟ್ಟೆಗೆ ರೊಟ್ಟಿಯ ಕೊರತೆಯಿಲ್ಲ, ಆದರೆ ಡಬ್ಬಿಗಳನ್ನು ಅಲ್ಲಾಡಿಸಿದರೆ ಸದ್ದು ಜಾಸ್ತಿ ಬರುತ್ತಿದ್ದ ದಿನಗಳು ಅವು. ಕಡಲೆಬೇಳೆ ತಳ ಕಂಡಿತ್ತು, ತುಪ್ಪ ಇರಲೇ ಇಲ್ಲ.

ಆದರೂ ಈ ವರ್ಷ ನಾನು ಹಠ ಹಿಡಿದಿದ್ದೆ. ನನಗೂ ವಯಸ್ಸಾಯಿತು, ಕಣ್ಣು ಮಂಜಾಗುತ್ತಿದೆ. ಈ ಓಣಿಯಲ್ಲಿ ಅಂಬವ್ವನ ಕೈಯಲ್ಲಿ ರುಚಿಯಿಲ್ಲ ಎಂಬ ಹೆಸರು ಹೊತ್ತುಕೊಂಡೇ ನಾನು ಮೇಲೆ ಹೋಗಬೇಕೆ? ಒಂದೇ ಒಂದು ಸಲ, ಮಗಳು ಬಾಯಿಗಿಟ್ಟ ತುತ್ತಿಗೆ ಓಣಿಯೆಲ್ಲ ಆಹಾ ಅನ್ನಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಹುಟ್ಟುಹಬ್ಬದ ಬೆಳಿಗ್ಗೆ ಕಸ್ತೂರಿ ಕತ್ತಲಲ್ಲೇ ಎದ್ದು ಹಲ್ಲುಜ್ಜಿ, ಸ್ನಾನ ಮಾಡಿ, ಸೂರ್ಯ ಬಂದ ಮೇಲೆ ಪದ್ಧತಿಯಂತೆ ತಾಟು ಬಡಿದು ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡಳು. ಸಕ್ಕರೆಯೂ ಸಪ್ಪೆ ಬಂತು. ಹೊರಗೆ ಕಟ್ಟೆಯ ಮೇಲಿದ್ದ ಮಾಸ್ತರು, "ಈಗೀಗ ಸಕ್ರಿನೂ ಕಲಬೆರಕಿ ಬರಾಕತ್ತೈತಿ" ಎಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು.

"ನೀಲಗಂಗವ್ವನ ಹಂತ್ಯಾಕ ಹೋಗಿ ಒಂದೀಟು ಬ್ಯಾಳಿ, ಒಂದೀಟು ತುಪ್ಪ ಇಸ್ಕೊಂಡು ಬರ್ತೀನಿ" ಅಂದೆ.

"ಬ್ಯಾಡವ್ವ," ಅಂದಳು ಕಸ್ತೂರಿ. "ಇದ್ದದ್ರಾಗ ಏನರ ಮಾಡೂಣು. ಮಂದಿ ಮುಂದ ಕೈ ಯಾಕ ಚಾಚತಿ?"

"ಇದ್ದದ್ರಾಗ ಏನೈತಿ? ಜ್ವಾಳದ ಹಿಟ್ಟೈತಿ. ನಿನ್ನ ಹಬ್ಬದ ದಿನ ಓಣಿ ಮಂದಿ ಬಾಯಾಗ ಒಣರೊಟ್ಟಿ ಹಾಕಲೇನು?"

"ಹಾಕಿದ್ರ ಏನಾಕ್ಕೈತಿ?"

"ಏನಾಕ್ಕೈತಿ ಅಂತ ಕೇಳ್ತಾಳ ನೋಡು! ಉಣ್ಣಾಕಿ ನೀನು, ಅನ್ನಿಸ್ಕೊಳ್ಳಾಕಿ ನಾನು."

ಅವಳು ಮತ್ತೆ ಮಾತಾಡಲಿಲ್ಲ. ಮಾತಾಡದೆ ಇರುವುದರಲ್ಲಿ ಅವಳು ಅವಳಪ್ಪನ ಮಗಳೇ. ನಾನು ಬೆಳಗಿನ ಹೊತ್ತೆಲ್ಲ ಹೋಗಲೋ ಬೇಡವೋ ಎಂದು ಅತ್ತಿಂದಿತ್ತ ಓಡಾಡಿ, ಎರಡು ರೊಟ್ಟಿ ಬಡಿದಿಟ್ಟು, ಕಡೆಗೆ ಹೊತ್ತು ನೆತ್ತಿಗೆ ಬರುವಾಗ ಸೆರಗಿನಡಿ ಬಟ್ಟಲು ಮುಚ್ಚಿಕೊಂಡು ಎದುರುಮನೆಗೆ ನಡೆದೆ.

ನೀಲಗಂಗವ್ವನ ಮುಂದೆ ಬಟ್ಟಲು ಹಿಡಿಯುವುದು ನನಗೆ ಎಷ್ಟು ಕಷ್ಟವೆಂದು ಅವಳಿಗೂ ಗೊತ್ತು. ಅದಕ್ಕೇ ನಿಧಾನ ಮಾಡಿದಳು. ಮೊದಲು ಚಾಪೆ ಹಾಸಿದಳು. ಆಮೇಲೆ ನೀರು ಕೊಟ್ಟಳು. ಬೇಳೆಯ ಡಬ್ಬಿ ಹುಡುಕುತ್ತ, "ನಮ್ಮ ಮನ್ಯಾಗಿನ ಬ್ಯಾಳಿ ಚಲೋ ಐತಿ ಅಂಬಕ್ಕಾ, ಈ ಸಲರ ಹೂರಣ ಕೂಡಿ ಬರಲಿ" ಅಂದಳು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಅವಳು ಬೇಳೆಯನ್ನು ಬೊಗಸೆಯಲ್ಲಿ ಎತ್ತಿ ಬಟ್ಟಲಿಗೆ ಸುರಿಯುತ್ತಿದ್ದಾಗ ಅದು ಬಂತು.

ತಾಟು ಬಡಿದ ಸದ್ದಿರಲಿಲ್ಲ. ಯಾವ ಮುನ್ಸೂಚನೆಯೂ ಇಲ್ಲದೆ ಬಾಯಿ ತುಂಬ ಒಂದು ರುಚಿ ತುಂಬಿಕೊಂಡಿತು. ಬಿಸಿಬಿಸಿ, ಖಾರ, ಉಪ್ಪು ಹದವಾಗಿ, ಹಿಂದೆಯೇ ಬಳ್ಳೊಳ್ಳಿಯ ಘಮ, ಅದರಡಿಯಲ್ಲಿ ಹಂಚಿನ ಮೇಲೆ ಚೂರು ಸೀದ ಜೋಳದ ಸವಿ. ಇವೆಲ್ಲ ನನಗೆ ಗೊತ್ತಿದ್ದ ರುಚಿಗಳೇ. ಆದರೆ ಹೀಗೆ ಒಂದೂ ದಿನ ಬಂದಿರಲಿಲ್ಲ. ಹಸಿದು ಹಸಿದು ಮನೆಗೆ ಬಂದವರಿಗೆ ಮೊದಲ ತುತ್ತು ಹೇಗಿರುತ್ತದೋ ಹಾಗೆ. ನನ್ನ ಕಣ್ಣು ಮುಚ್ಚಿಹೋದವು. ತೆರೆದು ನೋಡಿದರೆ ನೀಲಗಂಗವ್ವ ಬೇಳೆಯನ್ನು ನೆಲಕ್ಕೆ ಸುರಿದುಕೊಂಡು ಬಾಯಿ ಚಪ್ಪರಿಸುತ್ತ ನಿಂತಿದ್ದಾಳೆ.

"ಇದೇನಽ ಅಂಬಕ್ಕಾ?"

"ನನಗೇನ್ ಗೊತ್ತು?"

"ನಿನ್ನ ಮನ್ಯಾಂದು! ಇವತ್ತು ಬ್ಯಾರೆ ಯಾರದು ಹುಟ್ಟಿದ ಹಬ್ಬ ಐತಿ? ಏನ್ ಮಾಡಿಟ್ಟು ಬಂದಿ?"

"ಏನೂ ಮಾಡಿಲ್ಲ ಮಾರಾಯ್ತಿ. ಮಾಡಿದ್ರ ನಿನ್ನ ಮನಿಗೆ ಯಾಕ ಬರ್ತಿದ್ನಿ?"

ಅಷ್ಟರಲ್ಲಿ ಎರಡನೆಯ ತುತ್ತು ಬಂತು. ನಾವಿಬ್ಬರೂ ಮಾತು ನಿಲ್ಲಿಸಿದೆವು. ಓಣಿಯಲ್ಲಿ ಬಾಗಿಲುಗಳು ತೆರೆಯತೊಡಗಿದವು. ಮಾಸ್ತರು ಕಟ್ಟೆಯಿಂದ ಎದ್ದು ನಿಂತು ಆಕಾಶ ನೋಡುತ್ತಿದ್ದರು, ಮೇಲಿಂದ ಏನೋ ಉದುರುತ್ತಿದೆ ಅನ್ನುವ ಹಾಗೆ. ಬಾನುಬಿ ಮೊಣಕೈ ತನಕ ಸಾಬೂನಿನ ನೊರೆ ಇರುವಾಗಲೇ ಹೊರಗೆ ಬಂದು, "ಯಾರ್ ಮನೀದು? ಯಾರ್ ಮನೀದು?" ಎಂದು ಕೇಳುತ್ತಿದ್ದಳು. ನಾನು ಬಟ್ಟಲನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಯಾರೋ ಉಳ್ಳವರು ಮಗಳಿಗೆ ಏನೋ ಕಳಿಸಿಕೊಟ್ಟಿರಬೇಕು ಎಂದುಕೊಂಡೆ. ನನ್ನ ಪಾಲಿನ ಹೆಸರು ಅವರ ಪಾಲಾಯಿತಲ್ಲ ಎಂದು ಹೊಟ್ಟೆ ಉರಿಯಿತು, ಅದನ್ನೂ ಹೇಳಿಬಿಡುತ್ತೇನೆ.

ಕಸ್ತೂರಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಬಡಿದಿಟ್ಟಿದ್ದ ರೊಟ್ಟಿಯೊಂದನ್ನು ಹಂಚಿನ ಮೇಲೆ ಮತ್ತೆ ಬಿಸಿ ಮಾಡಿ, ಮುರಿದು, ನಾಲ್ಕು ಎಸಳು ಬಳ್ಳೊಳ್ಳಿ, ಉಪ್ಪು, ಕೆಂಪುಖಾರ, ಚೂರು ಎಣ್ಣೆ ಹಾಕಿ ಕಲ್ಲಿನಲ್ಲಿ ಕುಟ್ಟಿ ಮುಟಗಿ ಮಾಡಿಕೊಂಡಿದ್ದಳು. ಅಡಿಗೆ ಮಾಡಲು ಬೇಸರವಾದ ದಿನ ಮುಷ್ಟಿಯಲ್ಲಿ ಹಿಚುಕಿ ಮಕ್ಕಳ ಕೈಗೆ ಕೊಡುತ್ತೇವಲ್ಲ, ಅದೇ ಮುಟಗಿ. ನನ್ನನ್ನು ಕಂಡು ತುತ್ತು ನುಂಗಿ, ಕದ್ದು ಸಿಕ್ಕಿಬಿದ್ದವಳ ಹಾಗೆ ಕಲ್ಲನ್ನು ಹಿಂದಕ್ಕೆ ಸರಿಸಿದಳು.

"ಹಸಿವಾಗಿತ್ತವ್ವ. ನೀ ಬರೂದು ತಡ ಆತು. ಓಣಿ ಮಂದಿಗೆ ಗೊತ್ತಾಗೂದರಾಗ ಮುಗಿಸಿಬಿಡಬೇಕು ಅಂದ್ಕೊಂಡ್ನಿ. ಬೈದ್ರೇನು ಎಲ್ಲಾರೂ?"

ನಾನು ಪದ್ಧತಿಯನ್ನು ಮರೆತು ಕಲ್ಲಿಗೆ ಕೈ ಹಾಕಿದೆ. ಒಂದು ಚೂರು ಬಾಯಿಗಿಟ್ಟುಕೊಂಡೆ. ಅದು ಮುಟಗಿ. ಉಪ್ಪು ಒಂದು ಕಣ ಹೆಚ್ಚು. ಬಳ್ಳೊಳ್ಳಿ ಸರಿಯಾಗಿ ಕುಟ್ಟಿರಲಿಲ್ಲ, ಹಸಿಯೇ ಹಲ್ಲಿಗೆ ಸಿಕ್ಕಿತು. ಇಂಥ ಮುಟಗಿ ನಾನು ಹುಟ್ಟಿದಾಗಿನಿಂದ ತಿಂದಿದ್ದೇನೆ.

"ನೀ ಒಂದು ತುತ್ತು ತಿನ್ನು," ಅಂದೆ.

"ಬ್ಯಾಡ ಬಿಡವ್ವ, ಸಾಕು."

"ತಿನ್ನು ಅಂದ್ನಿ."

ಅವಳು ತಿಂದಳು. ಮತ್ತೆ ಅದೇ ರುಚಿ, ಬೆಚ್ಚಗೆ, ಬಾಯಿಯಿಂದ ಎದೆಯವರೆಗೆ. ಹೊರಗೆ ಬಾನುಬಿ "ಯಾ ಅಲ್ಲಾ" ಅಂದದ್ದು ಕೇಳಿಸಿತು. ನಾನು ಅಲ್ಲೇ ನೆಲಕ್ಕೆ ಕೂತೆ. ಇಷ್ಟು ವರ್ಷ ಈ ಓಣಿಯಲ್ಲಿ ಯಾರೂ ಇದನ್ನು ಯೋಚಿಸಿರಲಿಲ್ಲ. ನಮಗೆ ಬರುತ್ತಿದ್ದುದು ಅಡಿಗೆಯ ರುಚಿಯಲ್ಲ, ತಿನ್ನುವವರ ನಾಲಿಗೆಗೆ ಅದು ಹೇಗಿತ್ತೋ ಆ ರುಚಿ. ಚೆನ್ನಾಗಿಲ್ಲವೆಂದು ಕಂಡರೆ ಮಾಡಿದವರನ್ನು ಬೈದೆವು, ಅಂಗಡಿಯವರನ್ನು ಬೈದೆವು. ತಿಂದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

"ಕಸ್ತೂರಿ, ನಿನಗ ಹೋಳಿಗಿ ಸೇರೂದಿಲ್ಲೇನು?"

ಅವಳು ಒಲೆಯ ಬೂದಿ ಕೆದಕುತ್ತ ಕೂತಳು. "ನನಗ ಸಿಹಿನ ಸೇರೂದಿಲ್ಲವ್ವ," ಅಂದಳು. "ಸಣ್ಣಾಕಿದ್ದಾಗಿಂದ."

ನನಗೆ ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. "ಬಾಯಿ ಇದ್ದಿಲ್ಲೇನು ನಿನಗ? ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ! ನೀಲಗಂಗವ್ವನ ಕಡಿಂದ ನಾ ಎಷ್ಟು ಅನ್ನಿಸ್ಕೊಂಡ್ನಿ!"

"ಹೇಳಬೇಕು ಅಂತ ಪ್ರತಿ ವರ್ಷ ಅಂದ್ಕೊಳ್ತಿದ್ನಿ," ಅಂದಳು. "ಆದ್ರ ನೀ ಹೂರಣ ರುಬ್ಬೂವಾಗ ಹಾಡು ಹೇಳ್ತಿದ್ದಿ. ಅಪ್ಪ ಹೋದಮ್ಯಾಲ ನೀ ಹಾಡಿದ್ದು ಅದೊಂದ ದಿನ. ನಾ ಒಲ್ಲೆ ಅಂದ್ರ ಅದೂ ನಿಂತು ಹೋಗ್ತಿತ್ತು."

ನಾನು ಹಾಡುತ್ತಿದ್ದೆನೇ? ನನಗೆ ಗೊತ್ತೇ ಇರಲಿಲ್ಲ. ಹಾಡು ಕೇಳುವುದಕ್ಕಾಗಿ ನನ್ನ ಮಗಳು ವರ್ಷ ವರ್ಷ ಬಾಯಿಗೆ ಸೇರದ್ದನ್ನು ಅಗಿದು ನುಂಗಿದ್ದಳು. ನಾನು ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳು ನನಗಿಂತ ಒಂದು ಗೇಣು ಎತ್ತರ, ತಲೆ ನನ್ನ ಹೆಗಲ ಮೇಲೆ ಸರಿಯಾಗಿ ಕೂರಲಿಲ್ಲ. ಆದರೂ ಇಟ್ಟುಕೊಂಡು ಕೂತಳು.

ಬಾಗಿಲಲ್ಲಿ ಜನ ಸೇರಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು, ನಮ್ಮ ಓಣಿಯಲ್ಲಿ ಗೋಡೆಗಳಿರುವುದು ಸುಣ್ಣ ಬಳಿಯುವುದಕ್ಕೆ ಮಾತ್ರ. ನೀಲಗಂಗವ್ವ ನಾನು ಬಿಟ್ಟು ಬಂದಿದ್ದ ಬಟ್ಟಲು ಹಿಡಿದುಕೊಂಡು ಮುಂದೆ ನಿಂತಿದ್ದಳು. ಅವಳ ಮುಖ ನೋಡುವ ಹಾಗಿತ್ತು. "ಅಂದ್ರ ಇಷ್ಟು ದಿನ ಹೋಳಿಗಿ ಚಲೋನ ಇತ್ತೇನ ಅಂಬಕ್ಕಾ?" ಎಂದು ಮೆಲ್ಲಗೆ ಕೇಳಿದಳು.

"ಚಲೋನ ಇತ್ತು," ಎಂದು ಕಸ್ತೂರಿಯೇ ಹೇಳಿದಳು. "ಅವ್ವ ಒಲಿ ಕಡೆ ತಿರುಗಿದಾಗ ಬೆಕ್ಕಿಗೆ ಒಂದು ಚೂರು ಹಾಕ್ತಿದ್ನಿ. ತಾಟು ನೆಕ್ಕಿ ನೆಕ್ಕಿ ಹೊಳಪ ಬರಸ್ತಿತ್ತು."

ನಗು ಎದ್ದಿತು. ಎಲ್ಲರ ಹಿಂದೆ ನಿಂತಿದ್ದ ಚನ್ನಮಲ್ಲಪ್ಪ ಮಾತ್ರ ನಗಲಿಲ್ಲ. ಅವರ ಪೇಢೆಯೂ ಪ್ರತಿ ವರ್ಷ ಸುಣ್ಣದ ಹಾಗೇ ಇರುತ್ತಿತ್ತು, ಮಿಠಾಯಿ ಅಂಗಡಿಯವನು ಮೋಸ ಮಾಡುತ್ತಾನೆ ಎಂದೇ ನಾವೆಲ್ಲ ಅನ್ನುತ್ತಿದ್ದೆವು. ನಾನು ಅವರನ್ನೇ ನೋಡಿ, "ನಿಮಗ ಏನು ಸೇರ್ತೈತ್ರಿ ಶೆಟ್ಟರ?" ಎಂದು ಕೇಳಿದೆ. ಅಷ್ಟು ದೊಡ್ಡ ಮನುಷ್ಯ ನಾಚಿಕೊಂಡು ರುಮಾಲು ಸರಿಮಾಡಿಕೊಂಡರು. "ನನಗ... ಉಪ್ಪು ಹಚ್ಚಿದ ಹುಣಸಿಕಾಯಿ ಅಂದ್ರ ಜೀವ," ಅಂದರು. "ಪೇಢೆ ನಮ್ಮಪ್ಪ ತಿನಿಸ್ತಿದ್ದ, ಹಂಗ ನಡಕೊಂಡು ಬಂತು. ಶೆಟ್ಟ ಹುಣಸಿಕಾಯಿ ತಿಂತಾನ ಅಂದ್ರ ಮಂದಿ ಏನಂದಾರು ಅಂತ..." ಮಾಸ್ತರು ಅವರ ಬೆನ್ನು ತಟ್ಟಿದರು.

ನನ್ನ ಹೆಸರು ನನಗೆ ಮರಳಿ ಬಂದಿತ್ತು. ಎಷ್ಟು ವರ್ಷ ಕಾದಿದ್ದೆ! ಬಂದದ್ದು ನಿಜ, ಆದರೆ ಮನಸ್ಸು ಅದರ ಮೇಲೆ ನಿಲ್ಲಲಿಲ್ಲ. ನನಗೆ ಬೇರೆ ಒಂದು ಆಸೆ ಹತ್ತಿಕೊಂಡಿತ್ತು. ಮೂವತ್ತನಾಲ್ಕು ವರ್ಷ ಜೊತೆಗಿದ್ದೂ ಈ ಹುಡುಗಿಗೆ ಏನು ಸೇರುತ್ತದೆಂದು ನನಗೆ ತಿಳಿದಿರಲಿಲ್ಲ. ಹೊತ್ತು ಮುಳುಗುವುದರೊಳಗೆ ತಿಳಿದುಕೊಳ್ಳಬೇಕಾಗಿತ್ತು.

ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಹಬ್ಬವಾಯಿತು. ಅಂಗಡಿಯಿಂದ ಏನೂ ತರಲಿಲ್ಲ. ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಉಪ್ಪು ಹಚ್ಚಿ ಕೊಟ್ಟೆ. ಓಣಿಯೆಲ್ಲ ಹಾ ಹಾ ಎನ್ನುತ್ತ ಕಣ್ಣೊರೆಸಿಕೊಂಡು, ಇನ್ನೊಂದು ಅಂದಿತು. ಬಾನುಬಿ ಹಿತ್ತಲಿನ ಅರೆಹಣ್ಣಾದ ದೋರುಗಾಯಿ ಪೇರಲ ತಂದುಕೊಟ್ಟಳು. ಮಾಸ್ತರ ಮನೆಯಿಂದ ಗುರೆಳ್ಳು ಚಟ್ನಿ ಬಂತು, ನೀಲಗಂಗವ್ವ ಗಡಿಗೆಯ ತಳದ ಹುಳಿಮಜ್ಜಿಗೆ ತಂದಳು. ಸೋಸಿ ಉಳಿದ ಚಹಾದ ಗಷ್ಟು ಕಚ್ಚುವುದು ಕಸ್ತೂರಿಗೆ ಇಷ್ಟವಂತೆ! ಅದನ್ನು ಅವಳು ಹಲ್ಲಿನಲ್ಲಿ ಕಚ್ಚಿದಾಗ ಮಾಸ್ತರು, "ಇದು ಹೆಂಗ ಚಲೋ ಹತ್ತತೈತಿ ಅಂತ ತಿಳಿವಲ್ದು, ಆದ್ರ ಹತ್ತಾಕತ್ತೈತಿ" ಅಂದರು. ಪ್ರತಿ ಸಲವೂ ನಾನೇ ತಾಟು ಬಡಿದೆ. ಜನ ಕಟ್ಟೆಗಳ ಮೇಲೆ, ಹೊಸ್ತಿಲುಗಳ ಮೇಲೆ ಕೂತು ಕಾದರು. ಕಸ್ತೂರಿ ನಡುಮನೆಯಲ್ಲಿ ಗೋಡೆಗೆ ಒರಗಿ, ಕಾಲು ನೀಡಿ ಕೂತಿದ್ದಳು. ಇದು ಬೇಕು, ಅದು ಬೇಡ ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದೆ.

ಬಿಸಿಲು ಕಿಟಕಿ ಬಿಟ್ಟು ಗೋಡೆಯ ಮೇಲೇರಿದಾಗ ಜನ ಒಬ್ಬೊಬ್ಬರಾಗಿ ತಮ್ಮ ಮನೆಗಳಿಗೆ ಹೋದರು. ದನಗಳು ಬರುವ ಹೊತ್ತು. ಕಸ್ತೂರಿ ಹೊಟ್ಟೆ ಸವರಿಕೊಳ್ಳುತ್ತ, "ಅವ್ವ, ಇನ್ನೊಂದ ಒಂದು ತುತ್ತು," ಅಂದಳು. "ಮುಟಗಿ. ಆಗ ನಾ ಮಾಡ್ಕೊಂಡಿದ್ನಿ. ಈಗ ನೀ ಮಾಡು."

ನಾನು ಹಿಟ್ಟು ನಾದಿ ಒಂದು ರೊಟ್ಟಿ ಬಡಿದೆ. ಬಿಸಿ ಆರುವ ಮೊದಲೇ ಮುರಿದು, ಬಳ್ಳೊಳ್ಳಿಯನ್ನು ನುಣ್ಣಗೆ ಕುಟ್ಟಿ, ಉಪ್ಪು ಖಾರ ಹಾಕಿ ಮುಷ್ಟಿಯಲ್ಲಿ ಒತ್ತಿದೆ. ಅಂಗೈ ಸುಟ್ಟಿತು. ಒತ್ತುವಾಗ ಗಂಟಲಿನಲ್ಲಿ ಏನೋ ಗುನುಗುತ್ತಿತ್ತು, ಈ ಸಲ ನನಗೂ ಕೇಳಿಸಿತು. ನಿಲ್ಲಿಸಲಿಲ್ಲ. ತಾಟು ಬಡಿಯುವುದಕ್ಕೆ ಕೈ ಖಾಲಿ ಇರಲಿಲ್ಲ. ಕಸ್ತೂರಿ ಸಣ್ಣ ಮಗುವಿನಂತೆ ಬಾಯಿ ತೆರೆದಳು, ನಾನು ಆ ತುತ್ತನ್ನು ನನ್ನ ಕೈಯಾರೆ ಇಟ್ಟೆ.

ಅದೇ ಜೋಳ, ಅದೇ ಬಳ್ಳೊಳ್ಳಿ. ಆದರೆ ಮೊದಲಿನ ಮುಟಗಿಯ ರುಚಿ ಇದರ ಮುಂದೆ ಏನೂ ಅಲ್ಲ. ಅದು ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಓಣಿಯಲ್ಲಿ ಗದ್ದಲ ನಿಂತಿತು. ದನ ಕಟ್ಟುತ್ತಿದ್ದವರು, ನೀರು ಸೇದುತ್ತಿದ್ದವರು, ಎಲ್ಲರೂ ಸುಮ್ಮನಾದರು. ಎದುರುಮನೆಯ ಕಿಟಕಿಯಿಂದ ನೀಲಗಂಗವ್ವನ ಧ್ವನಿ ಬಂತು.

"ಅಂಬಕ್ಕಾ, ಇದು ನೀ ಮಾಡಿದ್ದು ಹೌದಲ್ಲಽ?"

ಹೂಂ ಅನ್ನಲು ನಾನು ಬಾಯಿ ತೆರೆಯಲಿಲ್ಲ. ಹೊತ್ತು ಮುಳುಗುವುದಕ್ಕೆ ಇನ್ನೂ ಸ್ವಲ್ಪ ಇತ್ತು, ಮಗಳು ಇನ್ನೂ ಅಗಿಯುತ್ತಿದ್ದಳು.